ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ: ಹತ್ತನೇ ಕ್ಲಾಸಿನ ಪಾಲಕರ ಜೊತೆ ನನ್ನ ಅನುಭವ

ನಾನು ಕುಮಟಾ ಕಡೆ ಕಡಲಂಚಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳ ಮನೆಯವರು ಹೆಚ್ಚಾಗಿ ಬೋಟಿಗೆ ಹೋಗುವವರು, ಮೀನು ಮಾರುವವರು, ಪೇಟೆಗೆ ತರಕಾರಿ ತರುವ ಹಾಲಕ್ಕಿ ಸಮುದಾಯದ ಹೆಂಗಸರು, ಸ್ವಲ್ಪ ಗದ್ದೆ ಇರುವವರು. ಹತ್ತನೇ ಕ್ಲಾಸು ಮುಗಿದ ಮೇಲೆ ಏನು ಓದಿಸಬೇಕು ಅನ್ನುವುದನ್ನು ಇವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಬೇರೆ ಶಾಲೆಯವರಿಗೆ, ಪಾಲಕರಿಗೂ ಉಪಯೋಗ ಆಗಬಹುದು.

ಮೊದಲ ವರ್ಷ ಸಭೆ ಕರೆದದ್ದು ಒಂದು ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ. ಐವತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಬಂದವರು ಒಂಬತ್ತು ಜನ. ಹನ್ನೊಂದು ಗಂಟೆಗೆ ಮೀನು ಮಾರ್ಕೆಟ್ಟಿನಲ್ಲಿ ವ್ಯಾಪಾರದ ಹೊತ್ತು, ಅದು ನನ್ನ ತಲೆಗೇ ಹೋಗಿರಲಿಲ್ಲ. ಬಂದವರ ಮುಂದೆ ನಾನು ಪಿಯುಸಿಯ ವಿಷಯಗಳ ಗುಂಪುಗಳನ್ನು ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಹೆಚ್‌ಇಪಿಎಸ್ ಅಂತ ಬೋರ್ಡಿನ ತುಂಬಾ ಬರೆದೆ, ಡಿಪ್ಲೊಮಾ, ಐಟಿಐ ಬಗ್ಗೆಯೂ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು, "ಅಲ್ರಾ ಅಕ್ಕೋರೇ, ಇದ್ರಲ್ಲಿ ಯಾವ್ದು ಚಲೋ?" ಅಂತ ಕೇಳಿದರು. "ಅದು ಮಗುವಿನ ಆಸಕ್ತಿ ಮೇಲೆ" ಅಂದೆ. ಅವರು ಸುಮ್ಮನೆ ಕೂತರು.

ಆ ಉತ್ತರ ತಪ್ಪಲ್ಲ. ಆದರೆ ಅದರಿಂದ ಆ ತಾಯಿಗೆ ಏನೂ ಸಿಗಲಿಲ್ಲ. ಅವರ ಮಗಳಿಗೆ ನರ್ಸ್ ಆಗುವ ಆಸೆ ಇತ್ತು. ಪಕ್ಕದ ಮನೆ ಹುಡುಗಿ ಕಾಮರ್ಸ್ ಸೇರಿದಳು, ಇಬ್ಬರೂ ಜೊತೆಗೆ ಬಸ್ಸಿಗೆ ಹೋಗಿ ಬರಬಹುದು ಅಂತ ಇವಳನ್ನೂ ಅಲ್ಲೇ ಸೇರಿಸಿದರು. ಎರಡು ವರ್ಷ ಆದ ಮೇಲೆ ತಾಯಿ ಮಗಳು ಇಬ್ಬರೂ ಬಂದು ಬಿಎಸ್ಸಿ ನರ್ಸಿಂಗ್ ಅರ್ಜಿ ಯಾವಾಗ ಅಂತ ಕೇಳಿದಾಗ ನನಗೆ ಎದೆ ಧಸಕ್ ಅಂತು. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಕಾಮರ್ಸ್ ಓದಿದವಳಿಗೆ ಅದು ಸಿಗುವುದಿಲ್ಲ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾಕ್ಕೆ ಮಾತ್ರ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಹಾಗಾಗಿ ಅವಳು ಅದನ್ನು ಸೇರಿದಳು. ಈಗ ಚೆನ್ನಾಗಿಯೇ ಇದ್ದಾಳೆ. ಆದರೂ ಹತ್ತನೇ ಕ್ಲಾಸಿನಲ್ಲಿ ಐದು ನಿಮಿಷ ಸರಿಯಾಗಿ ಮಾತಾಡಿದ್ದರೆ ಅವಳು ಇಷ್ಟು ಸುತ್ತುವುದು ಬೇಕಿರಲಿಲ್ಲ, ಅಲ್ವಾ? ಆ ಐದು ನಿಮಿಷ ನನ್ನ ಕೈಯಲ್ಲೇ ಇತ್ತು.

ಆಮೇಲೆ ನಾನು ಕೋರ್ಸಿನ ಹೆಸರಿನಿಂದ ಶುರು ಮಾಡುವುದನ್ನೇ ಬಿಟ್ಟೆ. ಬಸ್ಸಿನಿಂದ ಶುರು ಮಾಡಿದೆ.

ಕುಮಟಾ ಬಸ್ ಸ್ಟ್ಯಾಂಡು ನಮ್ಮ ಎಲ್ಲ ಪಾಲಕರಿಗೂ ಗೊತ್ತು. ಶಿರಸಿಗೆ ಹೋಗಬೇಕಾದರೆ ದೇವಿಮನೆ ಘಟ್ಟ ಹತ್ತುವ ಬಸ್ಸು ನೇರ. ತಪ್ಪಿ ಹೊನ್ನಾವರದ ಬಸ್ಸು ಹತ್ತಿದರೂ ಶಿರಸಿ ಮುಟ್ಟಬಹುದು, ಆದರೆ ಗೇರುಸೊಪ್ಪೆ, ಮಾವಿನಗುಂಡಿ, ಸಿದ್ದಾಪುರ ಸುತ್ತಬೇಕು. ಜಾಸ್ತಿ ಹೊತ್ತು, ಜಾಸ್ತಿ ದುಡ್ಡು. ಕೋರ್ಸುಗಳೂ ಹಾಗೆಯೇ ಅಂತ ಹೇಳಿದೆ. ಮೊದಲು ಎಲ್ಲಿಗೆ ಹೋಗಬೇಕು ಅಂತ ನೋಡೋಣ, ಆಮೇಲೆ ಯಾವುದು ನೇರ ಬಸ್ಸು, ಎಲ್ಲಿ ಇಳಿದು ಬದಲಿಸಬಹುದು, ಯಾವ ಬಸ್ಸು ಹತ್ತಿದರೆ ಅಲ್ಲಿಗೆ ಹೋಗಲು ಆಗುವುದೇ ಇಲ್ಲ, ಈ ಮೂರನ್ನು ನೋಡೋಣ ಅಂದೆ. ಇದು ಅವರಿಗೆ ಕೂಡಲೇ ಹಿಡಿಯಿತು. ಒಬ್ಬ ತಂದೆಯಂತೂ ತಾನೇ ಮುಂದುವರಿಸಿ, "ಹಾಗಾರೆ ಡಿಪ್ಲೊಮಾ ಮಾಡ್ದವ ಇಂಜಿನಿಯರಿಂಗಿಗೆ ನಡೂಕಿಂದ ಹತ್ತೂಕೆ ಆಗ್ತದ್ಯಾ?" ಅಂತ ಕೇಳಿದರು. ಹೌದು, ಆಗುತ್ತದೆ. ಮೂರು ವರ್ಷ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಎರಡು ವರ್ಷದ ಐಟಿಐ ಮಾಡಿದವರೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಲು ದಾರಿ ಇದೆ. ನಮ್ಮಲ್ಲಿ ಐಟಿಐ ಅಂದರೆ ಓದು ಬಾರದವರಿಗೆ ಅಂತ ಒಂದು ಭಾವನೆ ಇತ್ತು, ಅದು ಮಕ್ಕಳಿಗೆ ತುಂಬಾ ನೋವು ಕೊಡುತ್ತಿತ್ತು. ಕಾರವಾರದ ನೌಕಾನೆಲೆಯ ಹಡಗು ರಿಪೇರಿ ಯಾರ್ಡಿನಲ್ಲಿ ಅಪ್ರೆಂಟಿಸ್ ತೆಗೆದುಕೊಳ್ಳುವುದು ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಕಲಿತವರನ್ನೇ ಅಂತ ಹೇಳಿದ ಮೇಲೆ ಆ ಮಾತು ಕಡಿಮೆಯಾಯಿತು.

ಎಲ್ಲರಿಗೂ ಒಂದು ಹಾಳೆ ಮಾಡಿಕೊಟ್ಟೆ. ಅದರಲ್ಲಿ ಪಿಸಿಎಂಬಿ ಅನ್ನುವ ಅಕ್ಷರಗಳನ್ನು ಬಿಡಿಸಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಅಂತ ಬರೆದೆ. ಇದರ ಜೊತೆ ಎರಡು ಭಾಷೆ, ಒಟ್ಟು ಆರು ವಿಷಯ, ಆರುನೂರು ಅಂಕ. ಸಿಇಬಿಎ ಅಂದರೆ ಕಂಪ್ಯೂಟರ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಪ್ರತಿಯೊಂದರ ಮುಂದೆ ‘ಇದರಿಂದ ಆಗದೇ ಇರುವುದು’ ಅಂತ ಒಂದು ಸಾಲು ಸೇರಿಸಿದೆ. ಜೀವಶಾಸ್ತ್ರ ಇಲ್ಲದಿದ್ದರೆ ಡಾಕ್ಟರ್ ಓದಿಗೆ ಬೇಕಾದ ನೀಟ್ ಪರೀಕ್ಷೆ ಇಲ್ಲ. ಗಣಿತ ಇಲ್ಲದಿದ್ದರೆ ಪಿಯುಸಿ ಮೇಲೆ ಇಂಜಿನಿಯರಿಂಗ್ ಇಲ್ಲ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಫಾರೆಸ್ಟ್ರಿ ಓದಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ಸಿಎ ಮಾಡಲು ಕಾಮರ್ಸೇ ಆಗಬೇಕು ಅಂತಿಲ್ಲ, ಆದರೆ ಲೆಕ್ಕಶಾಸ್ತ್ರ ಓದಿದ್ದರೆ ಹಗುರ. ಕಾಲೇಜಿನ ಜಾಹೀರಾತಿನಲ್ಲಿ ‘ಆಗುವುದು’ ಮಾತ್ರ ಇರುತ್ತದೆ. ನನ್ನ ಹಾಳೆಯಲ್ಲಿ ಪಾಲಕರು ಜಾಸ್ತಿ ಓದಿದ್ದು ಈ ‘ಆಗದ್ದು’ ಸಾಲನ್ನೇ.

ಸಭೆಯ ಜಾಗವನ್ನೂ ಬದಲಿಸಿದೆ. ಈಗ ಡಿಸೆಂಬರಿನಲ್ಲಿ ಸಂಜೆ ಐದೂವರೆಗೆ, ಕೇರಿಯಲ್ಲಿ, ದೇವಸ್ಥಾನದ ಕಟ್ಟೆ ಮೇಲೆ ಅಥವಾ ಯಾರದಾದರೂ ಅಂಗಳದಲ್ಲಿ ಕೂರುತ್ತೇವೆ. ಮಾರ್ಚಿನಲ್ಲಿ ಇಟ್ಟುಕೊಂಡರೆ ಪರೀಕ್ಷೆ ಗಡಿಬಿಡಿ, ಜೊತೆಗೆ ಸುಗ್ಗಿ ಬೇರೆ, ಯಾರ ತಲೆಯಲ್ಲೂ ಏನೂ ನಿಲ್ಲುವುದಿಲ್ಲ. ಕೇರಿಗೇ ಹೋದದ್ದರಿಂದ ಅಜ್ಜಿಯಂದಿರೂ ಬಂದರು. ಹುಡುಗಿಯರನ್ನು ದೂರದ ಕಾಲೇಜಿಗೆ ಕಳಿಸುವ ವಿಷಯ ಬಂದಾಗ ಅಜ್ಜಿಯ ಮಾತಿಗೆ ಎಷ್ಟು ತೂಕ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಇನ್ನೊಂದು ದೊಡ್ಡ ಗೊಂದಲ ಪಾಸಾಗುವುದರ ಬಗ್ಗೆ. ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ನೂರರ ವಿಷಯದಲ್ಲಿ ಬರೆಯುವ ಪರೀಕ್ಷೆ 80, ಶಾಲೆಯಲ್ಲಿ ಕೊಡುವ ಆಂತರಿಕ ಅಂಕ 20. ಈ ಇಪ್ಪತ್ತು ಮಾಸ್ತರು ಮನಸ್ಸು ಬಂದ ಹಾಗೆ ಕೊಡುವುದು ಅಂತ ಸುಮಾರು ಜನ ತಿಳಿದಿದ್ದರು. ಹಾಗಾಗಿ ಚಟುವಟಿಕೆ, ಕಿರು ಪರೀಕ್ಷೆ ಇದ್ದ ದಿನವೂ ಮಕ್ಕಳನ್ನು ಮದುವೆ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಒಂದು ಮಗುವಿನ ವರ್ಷದ ಆಂತರಿಕ ಅಂಕದ ದಾಖಲೆಯನ್ನು, ಹೆಸರು ಮುಚ್ಚಿ, ಎಲ್ಲರಿಗೂ ತೋರಿಸಿದೆ. ಅದರ ನಂತರ ಹಾಜರಿ ಸುಧಾರಿಸಿತು.

ಪಾಸಿಗೆ ಮೊದಲು ಶೇ 35 ಇತ್ತು, 2025-26ರಿಂದ ಒಟ್ಟಾರೆ ಶೇ 33 ಆಗಿದೆ. ಅಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ 30. ಇಲ್ಲಿ ಗಣಿತದ ಅಕ್ಕೋರಾಗಿ ನಾನು ಒಂದು ಲೆಕ್ಕ ಒತ್ತಿ ಒತ್ತಿ ಹೇಳುತ್ತೇನೆ. ಎಲ್ಲ ವಿಷಯದಲ್ಲೂ ಬರೀ ಮೂವತ್ತರ ಹತ್ತಿರ ನಿಂತರೆ 206 ಮುಟ್ಟುವುದಿಲ್ಲ. ಆರು ಮೂವತ್ತು ನೂರಾ ಎಂಬತ್ತು. ಉಳಿದ ಇಪ್ಪತ್ತಾರು ಯಾವ ವಿಷಯದಿಂದ ಬರುತ್ತದೆ ಅಂತ ಮಗುವಿನ ಜೊತೆ ಕೂತು ನೋಡಬೇಕು. ಕಟ್ಟೆ ಮೇಲೆ ಕವಡೆ ಇಟ್ಟು ಇದನ್ನು ತೋರಿಸಿದ್ದೇನೆ. ಅಕ್ಷರ ಬಾರದ ತಾಯಂದಿರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಮೀನು, ತರಕಾರಿ ಎಣಿಸಿ ಮಾರುವವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಯಾವುದನ್ನು ಲೆಕ್ಕ ಹಾಕಬೇಕು ಅಂತ ಹೇಳಿದರೆ ಸಾಕು.

ಫೇಲ್ ಆದರೆ ವರ್ಷ ಹೋಯಿತು ಅನ್ನುವುದೂ ಹಳೇ ಮಾತು. 2023-24ರಿಂದ ಅದೇ ವರ್ಷ ಪರೀಕ್ಷೆ 1 ಆದ ಮೇಲೆ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. 2024ರಲ್ಲಿ ನಮ್ಮ ಒಬ್ಬ ಹುಡುಗ ಗಣಿತದಲ್ಲಿ ಹೋದ. ನನ್ನದೇ ವಿಷಯ, ನನಗೂ ಸಂಕಟ. ಅವನ ಅಪ್ಪ ಬೋಟಿಗೆ ಕರೆದುಕೊಂಡು ಹೋಗುತ್ತೇನೆ ಅಂದುಬಿಟ್ಟಿದ್ದರು. ನಾನು ಮನೆಗೆ ಹೋಗಿ ಕೂತೆ. "ಅಣ್ಣ, ಪರೀಕ್ಷೆ 2 ಜೂನಿನಲ್ಲಿ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಹೇಗೂ ಬೋಟು ಬಂದ್. ಪರೀಕ್ಷೆ ಮುಗಿಯುವವರೆಗೆ ಅವನನ್ನು ನನಗೆ ಕೊಡಿ" ಅಂದೆ. ಅವರು ತುಂಬಾ ಹೊತ್ತು ಬಲೆ ಕಡೆಯೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಅರ್ಜಿಯ ದುಡ್ಡು ತಂದುಕೊಟ್ಟರು. ಮಳೆಯಲ್ಲಿ ನೆನೆಯುತ್ತಾ ಹುಡುಗ ದಿನಾ ಸಂಜೆ ನಮ್ಮ ಮನೆಗೆ ಬಂದ. ಪಾಸಾದ, ಈಗ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ದಯವಿಟ್ಟು ಗಮನ ಕೊಡಿ. ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಶಾಲೆಯಲ್ಲಿ ಮಗುವಿನ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಕು ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಆ ದಿನ ಆಧಾರ್ ಕಾರ್ಡು ತಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ಮುಂದೆ ಪ್ರತಿ ಕಡೆ ಅದೇ ಹೆಸರು ಬೇಕಾಗುತ್ತದೆ. ಒಂದರಿಂದ ಹತ್ತನೇವರೆಗೆ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಈ ಎರಡಕ್ಕೂ ಬರುತ್ತಾರೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಟಿಸಿ ತೆಗೆದುಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಿ. ಪ್ರಾಥಮಿಕ ಶಾಲೆ ಬೇರೆ ಊರಲ್ಲಿ ಆಗಿದ್ದರೆ ಅಲ್ಲಿಂದಲೂ ಬೇಕು.

ವಿಜ್ಞಾನ ತೆಗೆದುಕೊಳ್ಳುವ ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಪಾಲಕರಿಗೆ ನಾನು ಏನನ್ನೂ ಮುಚ್ಚಿಡುವುದಿಲ್ಲ. ಪಿಯುನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಲ ಮೂರು ತಿಂಗಳು ಮಗು ಮನೆಗೆ ಬಂದು ಅತ್ತರೂ ಅಳಬಹುದು. ಅದನ್ನು ದಡ್ಡತನ ಅಂದುಕೊಳ್ಳಬೇಡಿ. ಪಾಠ ಅರ್ಥವಾಗದೇ ಇರುವುದು ಬೇರೆ, ಪಾಠದ ಭಾಷೆ ಅರ್ಥವಾಗದೇ ಇರುವುದು ಬೇರೆ. ಈ ಮಾತು ನಾನು ಹೇಳಿದರೆ ಅಷ್ಟು ನಾಟುವುದಿಲ್ಲ, ಹಾಗಾಗಿ ದ್ವಿತೀಯ ಪಿಯು ಓದುತ್ತಿರುವ ನಮ್ಮ ಹಳೇ ವಿದ್ಯಾರ್ಥಿನಿಯರನ್ನೇ ಎರಡು ವರ್ಷದಿಂದ ಕಟ್ಟೆಗೆ ಕರೆಯುತ್ತಿದ್ದೇನೆ. ಒಬ್ಬಳು ತನ್ನ ಮೊದಲ ಕಿರು ಪರೀಕ್ಷೆಯ ಹಾಳೆ ತಂದಿದ್ದಳು, ಭೌತಶಾಸ್ತ್ರದಲ್ಲಿ ಇಪ್ಪತ್ತೈದಕ್ಕೆ ನಾಲ್ಕು. ಅದರ ಪಕ್ಕ ವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಇಟ್ಟಳು. ಎರಡನ್ನೂ ಕೈಯಿಂದ ಕೈಗೆ ದಾಟಿಸಿ ನೋಡಿದರು.

ಈಗ ಡಿಸೆಂಬರ್ ಬಂತು ಅಂದರೆ ಹಾಳೆ ಹೊಸದಾಗಿ ಬರೆಯುತ್ತೇನೆ. ಯಾವ ಪಿಯು ಕಾಲೇಜಿನಲ್ಲಿ ಯಾವ ವಿಷಯ ಇದೆ ಅಂತ ಒಂದೊಂದು ಕಾಲೇಜಿಗೂ ಫೋನ್ ಮಾಡಿ ಕೇಳುತ್ತೇನೆ, ಯಾಕೆಂದರೆ ಹತ್ತಿರದ ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಹಾಳೆಯಲ್ಲಿ ಬರೆದು ಪ್ರಯೋಜನವಿಲ್ಲ. ಬೆಳಗಿನ ಬಸ್ಸಿನ ಹೊತ್ತನ್ನೂ ಬರೆಯುತ್ತೇನೆ. ಕಳೆದ ಸಲ, ಮೊದಲ ಸಭೆಯಲ್ಲಿ "ಯಾವ್ದು ಚಲೋ" ಅಂತ ಕೇಳಿದ್ದ ಅದೇ ತಾಯಿ ಚಿಕ್ಕ ಮಗನ ಸಲುವಾಗಿ ಬಂದಿದ್ದರು. ಪಕ್ಕದಲ್ಲಿ ಕೂತಿದ್ದ ಹೊಸಬರು ಒಬ್ಬರು ನನ್ನನ್ನು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಹಾಳೆ ಬಿಡಿಸಿ ಮುಂದೆ ಇಟ್ಟು, "ಮೊದ್ಲು ನಿಮ್ಮ ಹುಡ್ಗಿಗೆ ಎಲ್ಲಿಗೆ ಹೋಗೂದದೆ, ಅದ್ನ ಹೇಳಿ" ಅಂದರು.