ವಾರಾಯ್ ಎಂದರೆ ‘ಇಲ್ಲ’: ತಕ್ಲೋಬಾನ್‌ನಲ್ಲಿ ನಾನು ಪ್ರಶ್ನೆ ಕೇಳಲು ಕಲಿತದ್ದು

ಫಿಲಿಪೀನ್ಸ್‌ನ ಲೇಯ್ಟೆ ದ್ವೀಪದ ತಕ್ಲೋಬಾನ್ ನಗರದಲ್ಲಿ, ಸಂಶೋಧನೆಗೆಂದು ಮೊದಲ ಮನೆಯ ಬಾಗಿಲಲ್ಲಿ ನಿಂತಾಗ ನನ್ನ ಕೈಯಲ್ಲಿ ಕ್ಲಿಪ್‌ಬೋರ್ಡ್, ಅದರ ಮೇಲೆ ಒಂಬತ್ತು ಪ್ರಶ್ನೆಗಳ ಹಾಳೆ, ಕೊರಳಲ್ಲಿ ಶಿಲುಬೆ. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಹುರಿದ ಒಣಮೀನು. ಮನೆಯಾಕೆ ಅರ್ಧ ಎದ್ದು, ಬನ್ನಿ ಸಿಸ್ಟರ್, ಊಟ ಮಾಡುವ ಎಂದರು. ಈಗಷ್ಟೇ ಆಯಿತು ಅಂದೆ. ಆಗಿರಲಿಲ್ಲ. ಸಂಶೋಧನೆಗೆ ಹೋದವರು ತಿಂದುಂಡು ಹಂಗಿಗೆ ಬೀಳಬಾರದು ಎಂದು ಎಲ್ಲೋ ಓದಿದ್ದೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಊಟ ಮುಗಿಯುವವರೆಗೆ ಹೊರಗೆ ಕಾದು, ಆಮೇಲೆ ಕೇಳಲು ಶುರು ಮಾಡಿದೆ. ಕಳೆದ ಎರಡು ವಾರಗಳಲ್ಲಿ ನಿದ್ದೆಗೆ ತೊಂದರೆ ಆಗಿದೆಯಾ? ‘ವಾರಾಯ್.’ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ? ‘ವಾರಾಯ್, ಸಿಸ್ಟರ್.’ ವಾರಾಯ್ ಎಂದರೆ ‘ಇಲ್ಲ’. ಆ ಭಾಗದ ಜನರ ಭಾಷೆಯ ಹೆಸರೂ ವಾರಾಯ್. ನಡುನಡುವೆ ನಗು ಬೇರೆ. ಹತ್ತು ನಿಮಿಷದಲ್ಲಿ ಮುಗಿಯಿತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಆ ಹಾಳೆಯಲ್ಲಿ ಒಂದೊಂದು ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಅವರದು ಎರಡು. 2013ರ ನವೆಂಬರ್ 8ರ ಬೆಳಿಗ್ಗೆ ಯೊಲಾಂಡಾ ಚಂಡಮಾರುತದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಹೆಂಗಸು ಅವರು. ನನ್ನ ಹಾಳೆಯ ಲೆಕ್ಕದಲ್ಲಿ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ನಾನು ಉಡುಪಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಂಗಳೂರಿನಲ್ಲಿ ಮನಃಶಾಸ್ತ್ರ ಓದಿ ಕೆಲವು ವರ್ಷ ಆಪ್ತಸಮಾಲೋಚನೆ ಮಾಡುತ್ತಿದ್ದವಳನ್ನು ನಮ್ಮ ಸಂಸ್ಥೆಯವರು 2015ರಲ್ಲಿ ಹೆಚ್ಚಿನ ಓದಿಗೆ ಮನಿಲಾಕ್ಕೆ ಕಳಿಸಿದರು. ಭಾರತದಿಂದ ಹೋದ ಪಾದ್ರಿಗಳು, ಸಿಸ್ಟರ್‌ಗಳು ಅಲ್ಲಿ ಸಾಕಷ್ಟು ಮಂದಿ ಇದ್ದಾರೆ. ಫಿಲಿಪೀನ್ಸ್‌ನಲ್ಲಿ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಸರಕಾರದ ಪರವಾನಗಿ ಬೇಕು. 2010ರಲ್ಲಿ ಸಹಿಯಾದ ಕಾನೂನಿನ ಪ್ರಕಾರ ಅದಕ್ಕೆ ಪರೀಕ್ಷೆಯೂ ಇದೆ. ನನಗೆ ಪರವಾನಗಿ ಇರಲಿಲ್ಲ. ಆದ್ದರಿಂದ ನಾನು ಮಾಡಿದ್ದೆಲ್ಲ ಅಲ್ಲಿನ ಒಬ್ಬ ಹಿರಿಯ ಮನಃಶಾಸ್ತ್ರಜ್ಞೆಯ ಕಣ್ಗಾವಲಿನಲ್ಲಿ. ನನ್ನ ಗೈಡ್ ಕೂಡ ಅವರೇ.

ಮೊದಲ ತಿಂಗಳ ಹಾಳೆಗಳನ್ನು ಅವರ ಮುಂದಿಟ್ಟೆ. ಹೆಚ್ಚಿನವು ಸೊನ್ನೆ, ಒಂದು, ಎರಡು. ಜನ ಬಹಳ ಗಟ್ಟಿ ಎಂದು ಬರೆಯಲಾ ಎಂದು ಕೇಳಿದೆ. ಅವರು ಹಾಳೆ ತಿರುವುತ್ತಾ, ಯಾವ ಭಾಷೆಯಲ್ಲಿ ಕೇಳಿದೆ ಎಂದರು. ಫಿಲಿಪಿನೊದಲ್ಲಿ. ಅಂದರೆ ಮನಿಲಾದ ತಗಾಲೊಗ್. ಅಲ್ಲಿಯವರು ಮನೆಯಲ್ಲಿ ಆಡುವುದು ವಾರಾಯ್. ತಗಾಲೊಗ್ ಅವರಿಗೆ ಶಾಲೆಯ, ಟಿವಿಯ, ಅಧಿಕಾರಿಗಳ ಭಾಷೆ. ನಮ್ಮ ಬೈಂದೂರಿನ ಮೀನುಗಾರ ಹೆಂಗಸಿಗೆ ವಿಧಾನಸೌಧದ ಸುತ್ತೋಲೆಯ ಕನ್ನಡದಲ್ಲಿ ನಿಮ್ಮ ಅಂತರಂಗದ ವ್ಯಾಕುಲತೆ ಎಷ್ಟು ಎಂದು ಕೇಳಿದಂತೆ.

ತಕ್ಲೋಬಾನ್‌ನವರಿಗೆ ಈ ಪಾಠ ಮೊದಲೇ ಆಗಿತ್ತು, ಅದೂ ಕ್ರೂರವಾಗಿ. ಯೊಲಾಂಡಾ ಬರುವ ಮುನ್ನ ಸರಕಾರ ಎಚ್ಚರಿಕೆ ಕೊಟ್ಟಿತ್ತು. ಆದರೆ ಕೊಟ್ಟದ್ದು ‘ಸ್ಟಾರ್ಮ್ ಸರ್ಜ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ. ಬಿರುಗಾಳಿಗೆ ಸಮುದ್ರವೇ ಎದ್ದು ಊರೊಳಗೆ ನುಗ್ಗುತ್ತದೆ ಎಂಬುದು ಆ ಎರಡು ಪದಗಳಲ್ಲಿ ಬಹಳ ಮಂದಿಗೆ ಕಾಣಲಿಲ್ಲ. ಸುನಾಮಿ ಅಂದಿದ್ದರೆ ಓಡುತ್ತಿದ್ದೆವು ಎಂದು ನನಗೇ ಹಲವರು ಹೇಳಿದರು. ಸರಕಾರಿ ಲೆಕ್ಕದಲ್ಲೇ ಸತ್ತವರು 6,300 ಮಂದಿ. ಅಂಥ ಊರಿಗೆ ನಾನು ‘ಡಿಪ್ರೆಷನ್’ ಎಂಬ ಪದ ಹಿಡಿದುಕೊಂಡು ಹೋಗಿದ್ದೆ.

ಕ್ಲಿಪ್‌ಬೋರ್ಡಿನ ಕತೆ ಇನ್ನೊಂದು. ಚಂಡಮಾರುತದ ನಂತರ ಸರಕಾರ ಮನೆ ಪೂರ್ತಿ ಬಿದ್ದವರಿಗೆ 30,000 ಪೆಸೊ, ಅರ್ಧ ಹಾಳಾದವರಿಗೆ 10,000 ಪೆಸೊ ಕೊಡುವುದೆಂದಾಯಿತು. ಯಾರ ಮನೆ ಪೂರ್ತಿ, ಯಾರದು ಅರ್ಧ ಎಂದು ಬರೆದುಕೊಂಡವರ ಕೈಯಲ್ಲಿ ಇದ್ದದ್ದೂ ಕ್ಲಿಪ್‌ಬೋರ್ಡೇ. ಹಾಗಾಗಿ ನನ್ನನ್ನು ಕಂಡವರಲ್ಲಿ ಕೆಲವರು ಪಟ್ಟಿಗೆ ಸೇರಲು ಎಲ್ಲದಕ್ಕೂ ಹೌದು ಎಂದರು, ಕೆಲವರು ಮತ್ತೆ ಎತ್ತಂಗಡಿ ಮಾಡಿಸಿಯಾರು ಎಂದು ಹೆದರಿ ಎಲ್ಲದಕ್ಕೂ ಇಲ್ಲ ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗಲಂತೂ ಮುಖವೇ ಬದಲಾಗುತ್ತಿತ್ತು. ಆಮೇಲೆ ನನ್ನ ಗೈಡ್ ನೈತಿಕ ಸಮಿತಿಗೆ ಬರೆದು, ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಪಡೆದು ಧ್ವನಿಮುದ್ರಿಸಿಕೊಳ್ಳಲು ಅನುಮತಿ ತಂದರು.

ನನ್ನ ಗೈಡ್ ವಿರ್ಗಿಲಿಯೊ ಎನ್ರಿಕೆಸ್ ಪರಂಪರೆಯವರು. ಎನ್ರಿಕೆಸ್ 1971ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿ, ಫಿಲಿಪೀನ್ಸ್ ವಿಶ್ವವಿದ್ಯಾಲಯದಲ್ಲಿ ‘ಸಿಕೊಲೊಹಿಯಾಂಗ್ ಪಿಲಿಪಿನೊ’ ಎಂಬ ದೇಸಿ ಮನಃಶಾಸ್ತ್ರ ಕಟ್ಟಿದವರು. ಎರವಲು ಸಿದ್ಧಾಂತಕ್ಕೆ ಇಲ್ಲಿನ ಜನರನ್ನು ಅಳೆದು ಹೊಲಿಯಬೇಡಿ, ಇಲ್ಲಿನ ಪದಗಳಿಂದಲೇ ಆರಂಭಿಸಿ ಎಂಬುದು ಅವರ ಹಟ. ಅವರ ಮೂಲಪದ ‘ಕಪ್ವಾ’. ಇನ್ನೊಬ್ಬನೂ ನಾನೂ ಒಂದೇ ಎಂಬ ಭಾವಕ್ಕೆ ಆ ಹೆಸರು. ಒಬ್ಬರು ಇನ್ನೊಬ್ಬರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಎಂಟು ಹಂತಗಳನ್ನು ಆ ಪಂಥದವರು ಗುರುತಿಸಿದರು. ಬರಿಯ ಉಪಚಾರದ ಮಾತಿನಿಂದ ಹಿಡಿದು ಒಂದಾಗಿಬಿಡುವವರೆಗೆ. ನಡುವೆ ಒಂದು ಗೆರೆ. ಗೆರೆಯ ಆಚೆ ಇರುವವರು ‘ಇಬಾಂಗ್ ತಾವೊ’, ಹೊರಗಿನವರು. ಈಚೆ ಬಂದವರು ‘ಹಿಂದಿ ಇಬಾಂಗ್ ತಾವೊ’, ಹೊರಗಿನವರಲ್ಲ.

ನೀನು ಅಳೆದದ್ದು ಅವರ ದುಃಖವನ್ನಲ್ಲ, ನಿನಗೂ ಅವರಿಗೂ ಇರುವ ದೂರವನ್ನು ಎಂದು ಗೈಡ್ ಹಾಳೆಗಳನ್ನು ವಾಪಸ್ ಕೊಟ್ಟರು.

ನನಗೆ ಸಿಟ್ಟು ಬಂತು, ನಿಜ ಹೇಳಬೇಕೆಂದರೆ. ಒಂದು ತಿಂಗಳ ಬಿಸಿಲು, ಜೀಪ್ನಿ ಪ್ರಯಾಣ ಎಲ್ಲ ನೀರಲ್ಲಿ ಹೋಮ. ಆದರೆ ಆ ದಾಕ್ಷಿಣ್ಯ ನನಗೆ ಗೊತ್ತಿಲ್ಲದ್ದೇ? ನಮ್ಮ ಕಡೆಯೂ ಹೇಗಿದ್ದೀರಿ ಎಂದರೆ ಕ್ಯಾನ್ಸರ್ ಇದ್ದವರೂ ‘ಹೀಗೆ ಉಂಟು’ ಎನ್ನುತ್ತಾರೆ. ಫಿಲಿಪಿನೊದಲ್ಲಿ ಅದಕ್ಕೆ ‘ಹಿಯಾ’ ಎನ್ನುತ್ತಾರೆ. ನಾಚಿಕೆ ಎಂದರೆ ಸಾಲದು. ಸಂಕೋಚ, ಮರ್ಯಾದೆ, ಇನ್ನೊಬ್ಬರಿಗೆ ಭಾರವಾಗಬಾರದೆಂಬ ಎಚ್ಚರ ಎಲ್ಲ ಸೇರಿದ್ದು. ‘ಉತಾಂಗ್ ನಾ ಲೋಓಬ್’ ಇನ್ನೊಂದು. ಇದಕ್ಕೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಣೆ ಇದೆ, ನಮಗೆ ‘ಋಣ’ ಎಂದರೆ ಮುಗಿಯಿತು. ಆ ದೇಶದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿ ತಲೆತುರಿಸಿಕೊಂಡಿದ್ದವಳಿಗೆ ಕನ್ನಡಕ್ಕೆ ತಂದುಕೊಂಡ ಮೇಲೆ ಅರ್ಧ ಸಲೀಸಾಯಿತು.

ಎರಡನೆಯ ಸುತ್ತಿಗೆ ಬರಿಗೈಯಲ್ಲಿ ಹೋದೆ. ಅಲ್ಲಿನ ಸಂಶೋಧಕರು ‘ಪಗ್ತಾತನೊಂಗ್-ತನೊಂಗ್’ ಎನ್ನುವ ವಿಧಾನ: ಕೇಳುತ್ತಾ ಕೇಳುತ್ತಾ ಹೋಗುವುದು, ಅವರೂ ನಮ್ಮನ್ನು ಅಷ್ಟೇ ಕೇಳಲು ಬಿಡುವುದು. ಮದುವೆ ಯಾಕಾಗಲಿಲ್ಲ, ಅಮ್ಮ ಅತ್ತರಾ, ಭಾರತದಲ್ಲಿ ದನ ತಿನ್ನುವುದಿಲ್ಲವಂತೆ ಹೌದಾ, ಎಲ್ಲಕ್ಕೂ ಉತ್ತರ ಕೊಟ್ಟೆ. ಜೊತೆಗೆ ಅದೇ ಬಡಾವಣೆಯ ವಾರಾಯ್ ಮಾತಾಡುವ ಹುಡುಗಿಯೊಬ್ಬಳು ಇದ್ದಳು. ಸಂಜೆ ತಿಂಡಿಯ ಹೊತ್ತು, ಅಂದರೆ ಮೆರಿಯೆಂದಾ, ಎಲ್ಲಕ್ಕಿಂತ ಒಳ್ಳೆಯ ಸಮಯ. ಬಾಳೆಎಲೆಯಲ್ಲಿ ಸುತ್ತಿದ ‘ಮೊರೊನ್’ ಎಂಬ ಚಾಕೊಲೇಟಿನ ಅಕ್ಕಿ ಕಡುಬು ಲೇಯ್ಟೆಯ ವಿಶೇಷ, ನನಗೆ ಪ್ರತಿ ಸಲ ನಮ್ಮ ಮೂಡೆ ನೆನಪಾಗುತ್ತಿತ್ತು. ಗಂಡಸರ ಜೊತೆ ಮಾತ್ರ ನಾನು ಸೋತೆ. ಅವರು ಬಾಯಿ ಬಿಡುವುದು ‘ತುಬಾ’ ಎಂಬ ತೆಂಗಿನ ಕಳ್ಳಿನ ಸುತ್ತ, ಒಂದೇ ಲೋಟ ಸರದಿಯಲ್ಲಿ ಕೈಯಿಂದ ಕೈಗೆ. ಸಿಸ್ಟರ್ ಬಂದರೆ ಲೋಟ ಬೆಂಚಿನ ಕೆಳಗೆ. ಆ ಭಾಗವನ್ನು ಸಹಪಾಠಿಯೊಬ್ಬನಿಗೆ ಬಿಟ್ಟುಕೊಟ್ಟೆ. ಕುಡಿಯುವ ಮೊದಲೇ ಒಪ್ಪಿಗೆ ಪಡೆ ಎಂಬ ಒಂದೇ ಷರತ್ತು.

ಶಿಲುಬೆಯಿಂದ ಲಾಭವೂ ಇತ್ತು, ನಷ್ಟವೂ. ಬಾಗಿಲು ತೆರೆಯುತ್ತಿತ್ತು. ಆದರೆ ನನ್ನ ಮುಂದೆ ಯಾರೂ ದೇವರ ಬಗ್ಗೆ ಕೆಟ್ಟ ಮಾತು ಆಡುತ್ತಿರಲಿಲ್ಲ. ದೇವರ ಮೇಲೆ ಸಿಟ್ಟಿದೆಯೇ ಎಂಬುದು ಆ ಒಂಬತ್ತರ ಹೊರತಾಗಿ ನಾನು ಕೇಳುತ್ತಿದ್ದ ಒಂದು ಪ್ರಶ್ನೆ. ಎಲ್ಲರೂ ಇಲ್ಲ ಎಂದಿದ್ದರು. ಒಂದು ಸಂಜೆ ಅದೇ ಮೊದಲ ಮನೆಯಾಕೆ, ಬಟ್ಟೆ ಮಡಚುತ್ತಾ, ಪೂಜೆಗೆ ಹೋಗದೆ ಮೂರು ವರ್ಷವಾಯಿತು ಎಂದರು. ಯಾಕೆ ಎಂದೆ. ‘ತಾಂಪೊ’ ಎಂದರು. ತಾಂಪೊ ಎಂದರೆ ಸಿಟ್ಟಲ್ಲ. ಮುನಿಸು. ಹತ್ತಿರದವರ ಮೇಲೆ ಮಾತ್ರ ಬರುವಂಥದ್ದು, ಮಾತು ಬಿಟ್ಟು ಬೆನ್ನು ತಿರುಗಿಸಿ ಕೂತು, ಬಂದು ರಮಿಸಲಿ ಎಂದು ಕಾಯುವುದು. ದೇವರು ಇನ್ನೂ ಬಂದು ರಮಿಸಿಲ್ಲ ಎಂದು ಆಕೆ ಕಾಯುತ್ತಿದ್ದರು.

ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಸಿಟ್ಟು ಎಂದುಕೊಂಡಿದ್ದರೆ ನಾನು ಅದನ್ನು ಹೊರಹಾಕಿಸಲು ಹೋಗುತ್ತಿದ್ದೆ, ಮಂಗಳೂರಿನಲ್ಲಿ ಹಾಗೆಯೇ ಮಾಡಿದ್ದೆ. ಮುನಿಸನ್ನು ಹೊರಹಾಕಲು ಆಗುವುದಿಲ್ಲ. ಅದು ಸಂಬಂಧ ಇನ್ನೂ ಉಳಿದಿದೆ ಎಂಬುದರ ಗುರುತು. ನಾನು ಪ್ರಾರ್ಥನೆ ಮಾಡಿಸಲಿಲ್ಲ, ದೇವರ ವಕಾಲತ್ತೂ ವಹಿಸಲಿಲ್ಲ. ರಮಿಸಲು ಬಂದರೆ ಏನು ಕೇಳುತ್ತೀರಿ ಎಂದಷ್ಟೇ ಕೇಳಿದೆ. ಮೂರು ಭೇಟಿ ಅದರ ಮೇಲೆಯೇ ಹೋಯಿತು. ಆಕೆ ಕೇಳಬೇಕೆಂದಿದ್ದದ್ದು ಒಂದೇ: ಚಿಕ್ಕ ಮಗನ ಶವ ಎಲ್ಲಿದೆ. ತಕ್ಲೋಬಾನ್‌ನ ಬಾಸ್ಪೆರ್ ಎಂಬಲ್ಲಿನ ಸಾಮೂಹಿಕ ಸಮಾಧಿಯಲ್ಲಿ ಸಾಲುಸಾಲು ಬಿಳಿ ಶಿಲುಬೆಗಳಿವೆ. ಯಾರು ಎಲ್ಲಿದ್ದಾರೆ ಎಂಬುದು ಗೊತ್ತಿಲ್ಲದೆ ಮನೆಯವರು ಯಾವುದೋ ಒಂದನ್ನು ಆರಿಸಿ ಹೆಸರು ಬರೆದಿದ್ದಾರೆ. ಆಕೆ ಬರೆದಿರಲಿಲ್ಲ. ಬರೆದರೆ ಒಪ್ಪಿಕೊಂಡಂತೆ ಎಂದು.

ಅಟೆನಿಯೊ ವಿಶ್ವವಿದ್ಯಾಲಯದ ಮಾರಿಯಾ ರೆಜಿನಾ ಹೆಚನೋವಾ ಮತ್ತು ಜೊತೆಯವರು ಯೊಲಾಂಡಾ ಸಂತ್ರಸ್ತರಿಗೆಂದೇ ‘ಕತತಗಾನ್’ ಎಂಬ ಆರು ಭಾಗಗಳ ಗುಂಪು ಕಾರ್ಯಕ್ರಮ ರೂಪಿಸಿದ್ದರು. ಹೆಸರಿನ ಅರ್ಥ ಗಟ್ಟಿತನ. ತಮ್ಮಲ್ಲಿರುವ ಶಕ್ತಿಯನ್ನು ಗುರುತಿಸುವುದರಿಂದ ಶುರುವಾಗಿ, ದೇಹದ ಪ್ರತಿಕ್ರಿಯೆ, ಯೋಚನೆ, ದಿನಚರಿ, ನೆರವು ಕೇಳುವುದು, ಮುಂದಿನ ಯೋಜನೆ ಎಂದು ಸಾಗುತ್ತದೆ. ಮನೋವೈದ್ಯರು ಲಕ್ಷಕ್ಕೆ ಒಬ್ಬರೂ ಇಲ್ಲದ ದೇಶದಲ್ಲಿ ಅಲ್ಲಿಯವರಿಗೇ ತರಬೇತಿ ಕೊಟ್ಟು ನಡೆಸಬಹುದಾದ ಇಂಥದ್ದು ಬೇಕೇ ಬೇಕು. ದೇಹದ ಭಾಗ ನನಗೆ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ಅಂಗೈ ಬೆವರು, ಕೈನಡುಕಕ್ಕೆ ಅಲ್ಲಿ ‘ಪಾಸ್ಮಾ’ ಎನ್ನುತ್ತಾರೆ: ಬಿಸಿಯಾದ ಮೈಗೆ ತಣ್ಣೀರು ತಾಕಿ ಬಂದದ್ದು. ನಮ್ಮ ಉಷ್ಣ-ಶೀತದ ಲೆಕ್ಕವೇ. ಅದು ತಪ್ಪು ಎಂದು ವಾದಕ್ಕಿಳಿಯದೆ, ಪಾಸ್ಮಾ ಯಾವಾಗ ಜೋರಾಗುತ್ತದೆ ಎಂದು ಕೇಳಿದರೆ ಸಾಕು, ಮಳೆಗಾಳಿಯ ಸದ್ದು ಕೇಳಿದಾಗ ಎಂಬ ಉತ್ತರ ತಾನೇ ಬರುತ್ತಿತ್ತು. ಆದರೆ ‘ಫಿಲಿಪಿನೊಗಳು ಗಟ್ಟಿ ಜನ’ ಎಂದು ಟಿವಿಯಲ್ಲಿ ಹೊಗಳುವುದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಗಟ್ಟಿ ಎಂದ ಮೇಲೆ ಮನೆ ಕೊಡುವುದು ತಡವಾದರೂ ನಡೆಯುತ್ತದೆ ನೋಡಿ.

2017ರಲ್ಲಿ, ಎಂಟು ತಿಂಗಳ ಮೇಲೆ, ಆಕೆಗೆ ಅದೇ ಒಂಬತ್ತು ಪ್ರಶ್ನೆ ಕೇಳಿದೆ, ಈ ಸಲ ವಾರಾಯ್‌ನಲ್ಲಿ. ಮಧ್ಯಾಹ್ನ, ಊಟದ ಮೇಲೆ. ಅಂಕ 17 ಬಂತು. ಆಕೆಯ ಸ್ಥಿತಿ ಹದಗೆಟ್ಟಿರಲಿಲ್ಲ, ಬದಲಾಗಿ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಮೊದಲ ದಿನ ಎಲ್ಲ ಇಲ್ಲ ಎಂದಿರಲ್ಲ ಎಂದೆ. ‘ಅವತ್ತು ನೀವು ಉಣ್ಣಲಿಲ್ಲವಲ್ಲ ಸಿಸ್ಟರ್’ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಪ್ರಬಂಧದಲ್ಲಿ ಎಲ್ಲ ಹಾಳೆಗಳಿಗೂ ‘ಎಷ್ಟನೆಯ ಭೇಟಿ’ ಎಂಬ ಅಂಕಣ ಸೇರಿಸಿ, ಮೊದಲ ಭೇಟಿಯವನ್ನು ಬೇರೆ ಕಟ್ಟು ಮಾಡಿ ವಿಶ್ಲೇಷಿಸಿದೆ. ಅದಕ್ಕಿಂತ ಮೊದಲು ಆ 17ಕ್ಕೆ ಏನಾದರೂ ಮಾಡಬೇಕಿತ್ತು. ಸರಕಾರಿ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣೋಣ ಎಂದಾಗ, ನನಗೆ ಹುಚ್ಚಲ್ಲ ಎಂದು ಎರಡು ವಾರ ತಳ್ಳಿದರು. ಕೊನೆಗೆ ನೀವೂ ಬಂದರೆ ಮಾತ್ರ ಎಂದು ಒಪ್ಪಿದರು. ಬೆಳಿಗ್ಗೆ ಜೀಪ್ನಿ ಹಿಡಿದು ಹೋಗಿ ಸಾಲಿನಲ್ಲಿ ಕೂತೆವು. ಆಕೆ ಚೀಲದಿಂದ ಎರಡು ಮೊರೊನ್ ತೆಗೆದು ಒಂದನ್ನು ನನಗೆ ಕೊಟ್ಟರು. ಚೀಟಿ ಬರೆಯುತ್ತಿದ್ದ ನರ್ಸ್ ನನ್ನ ಕಡೆ ತೋರಿಸಿ, ಸಿಸ್ಟರ್ ಯಾವ ಚರ್ಚಿನವರು ಎಂದು ಕೇಳಿದಳು. ಆಕೆ ಎಲೆ ಬಿಡಿಸುತ್ತಾ, ನನ್ನ ಜೊತೆ ಬಂದವಳು ಎಂದರು.