ಆಸ್ಪತ್ರೆಯಲ್ಲಿ ‘ಬಿದ್ದೆ’ ಅನ್ನಬೇಡಿ

ಪುಣೆಯಲ್ಲಿ ಸೈಕಲ್ ತುಳಿಯುವವರಿಗೆ: ಗಾಡಿ ಗುದ್ದಿ ಆಸ್ಪತ್ರೆ ಸೇರಿದರೆ ನಮ್ಮ ಅರೆಬರೆ ಮರಾಠಿಯಲ್ಲಿ ‘ಸೈಕಲ್‌ವರೂನ್ ಪಡ್ಲೋ’ (ಸೈಕಲ್‌ನಿಂದ ಬಿದ್ದೆ) ಅನ್ನಬೇಡಿ. ‘ಗಾಡೀನೆ ಧಡಕ್ ದಿಲಿ’ (ಗಾಡಿ ಗುದ್ದಿತು) ಅನ್ನಿ. ಗಾಡಿ ನಂಬರ್ ಗೊತ್ತಿದ್ದರೆ ಅದನ್ನೂ ಕೇಸ್ ಪೇಪರಿನಲ್ಲಿ ಬರೆಸಿ. ‘ತಾನೇ ಬಿದ್ದದ್ದು’ ಎಂದು ಒಮ್ಮೆ ದಾಖಲಾದರೆ, ಮುಂದೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ನಲ್ಲಿ ವಿಮೆ ಕಂಪನಿಯ ವಕೀಲರು ಹಿಡಿಯುವುದೇ ಆ ಸಾಲನ್ನು. ಸೈಕಲ್‌ಗೆ ವಿಮೆ ಇಲ್ಲವಲ್ಲ ಅಂತ ಸುಮ್ನಾಗಬೇಡಿ, ದುಡ್ಡು ಬರಬೇಕಾದ್ದು ಗುದ್ದಿದ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ. ಪರಿಹಾರದ ಅರ್ಜಿಗೆ ಕಾನೂನಿನಲ್ಲಿ 6 ತಿಂಗಳ ಗಡುವಿದೆ, ಪ್ಲಾಸ್ಟರ್ ಬಿಚ್ಚುವವರೆಗೆ ಕಾಯುತ್ತಾ ಕೂರಬೇಡಿ. ಗುಂಡಿಗೆ ಬಿದ್ದದ್ದಾದರೆ ಈ ದಾರಿ ನಡೆಯಲ್ಲ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಹಿಟ್ ಅಂಡ್ ರನ್ (ಗುದ್ದಿ ಪರಾರಿ) ಪರಿಹಾರ ಯೋಜನೆಯೇ ಗತಿ: ಮೂಳೆ ಮುರಿದಂಥ ಗಂಭೀರ ಗಾಯಕ್ಕೆ 50,000 ರೂಪಾಯಿ, ಅಷ್ಟೇ.