ಹವಳಕ್ಕೆ ಊಟ ಹಾಕುವಾಗ ಪಂಪ್ ಬಂದ್ ಮಾಡಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಹ್ಯಾಮರ್, ಟಾರ್ಚ್, ಡಂಕನ್ ತರಹದ ದಪ್ಪ ಪಾಲಿಪ್‌ನ (ಬಾಯಿ, ಎಳೆಗಳಿರುವ ಹವಳದ ಜೀವಿ) ಹವಳ ಸಾಕಿದವರು ಊಟ ಹಾಕುವಾಗ ಅಲೆ ಎಬ್ಬಿಸುವ ವೇವ್‌ಮೇಕರ್, ಕೆಳಗಿನ ತೊಟ್ಟಿಯಿಂದ (ಸಂಪ್) ನೀರು ಮೇಲೆತ್ತುವ ರಿಟರ್ನ್ ಪಂಪ್ ಎರಡನ್ನೂ 10 ನಿಮಿಷ ಬಂದ್ ಮಾಡಿ. ಟ್ಯಾಂಕಿನ ಲೈಟ್ ಮಂದ ನೀಲಿಗಿಳಿದು ಎಳೆಗಳು ಚಾಚಿಕೊಂಡಾಗ, ಮಾರ್ಕೆಟ್ಟಿನ ಹಸಿ ಸಿಗಡಿಯನ್ನು ಅಕ್ಕಿಕಾಳಿನಷ್ಟು ಹೆಚ್ಚಿ, ತೊಳೆದು, ಅಗಲ ಬಾಯಿಯ ಪಿಪೆಟ್‌ನಿಂದ ಎಳೆಗಳ ಮೇಲೆ ಮೆಲ್ಲಗೆ ಬಿಡಿ. ಜೋರಾಗಿ ಚಿಮ್ಮಿಸಿದರೆ ಪಾಲಿಪ್ ಮುದುಡಿಬಿಡುತ್ತದೆ. ನೀರು ಹರಿಯುತ್ತಿದ್ದರೆ ಚೂರು ಎಳೆಗೆ ಅಂಟುವ ಮೊದಲೇ ತೇಲಿಹೋಗಿ, ಕಲ್ಲಿನ ಸಂದಿಯಲ್ಲಿ ಕೊಳೆತು ನೀರು ಕೆಡಿಸುವ ನೈಟ್ರೇಟ್ ಏರಿಸುತ್ತದೆ. ವಾರಕ್ಕೆ 1–2 ಸಲ ಧಾರಾಳ. ಹೊಟ್ಟೆಪಾಡಿನ ಬಹುಪಾಲನ್ನು ಹವಳದ ಮೈಯೊಳಗಿನ ಪಾಚಿ ಬೆಳಕಿನಿಂದ ನೋಡಿಕೊಳ್ಳುತ್ತದೆ. ಹಾಗಾಗಿ ಲೈಟ್ ಸಾಲದೆ ಸೊರಗಿದ ಹವಳಕ್ಕೆ ಸಿಗಡಿ ಮದ್ದಲ್ಲ. ಕವಲುಕವಲಾದ ಅಕ್ರೋಪೋರಾ ಹವಳಕ್ಕೂ ಇದು ನಡೆಯದು, ಅದರ ಬಾಯಿ ತೀರಾ ಚಿಕ್ಕದು. ಟ್ಯಾಂಕಿನಲ್ಲಿ ಕ್ಲೀನರ್ ಶ್ರಿಂಪ್ (ಮೀನಿನ ಮೈ ಶುಚಿ ಮಾಡುವ ಸಿಗಡಿ) ಇದ್ದರೆ ಹವಳದ ಬಾಯಿಂದಲೇ ಕಿತ್ತು ತಿನ್ನುತ್ತದೆ, ಕಳ್ಳ ಜಾತಿ. ಅದನ್ನು ತಡೆಯಲು ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಆ ತುಂಡನ್ನು ಹವಳದ ಮೇಲೆ ಮುಚ್ಚಿ. ಪಂಪ್ ನಿಂತಾಗ ಇಳಿಯುವ ನೀರಿಗೆ ಸಂಪ್‌ನಲ್ಲಿ ಜಾಗ ಇದೆಯೇ ಮೊದಲೇ ನೋಡಿ. ಕಾರವಾರದ ಏಪ್ರಿಲ್–ಮೇ ಸೆಕೆಯಲ್ಲಂತೂ 10 ನಿಮಿಷ ಮೀರಬೇಡಿ. ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಮ್ಮಿ.